ಮಳೆಗಾಲಕ್ಕೆ ಮುನ್ನ ಕಾಳುಕಡಿಗೆ ಬೇವಿನ ಕಾವಲು

ಪುಣೆಯಲ್ಲಿ ನೆಲೆ ನಿಂತಿರುವ ಉತ್ತರ ಕರ್ನಾಟಕದ ಮನೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳೆಂದರೆ ವರ್ಷದ ಕಾಳುಕಡಿ ತುಂಬಿಸುವ ಕಾಲ. ವಿಜಯಪುರದಿಂದಲೋ ಸೊಲ್ಲಾಪುರದ ಕಡೆಯಿಂದಲೋ ಬಿಳಿಜೋಳದ ಚೀಲ ಬಸ್ಸಿನಲ್ಲಿ ಬಂದಿಳಿಯುತ್ತದೆ. ಊರಿನಿಂದ ತರಿಸಲಾಗದವರು ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿಗೆ ಹೋಗಿ ತೊಗರಿ, ಹೆಸರು, ಕಡಲೆ, ಮಡಕೆಕಾಳುಗಳನ್ನು ಸಗಟಾಗಿ ಕೊಂಡು ತರುತ್ತಾರೆ. ಜೂನ್ ಎರಡನೆಯ ವಾರದ ಹೊತ್ತಿಗೆ ಮಳೆ ಹಿಡಿಯುತ್ತದೆ. ಜುಲೈ ಕೊನೆಯಲ್ಲಿ ಡಬ್ಬಿಯ ಮುಚ್ಚಳ ತೆರೆದರೆ ಹೆಸರುಕಾಳಿನ ಮೇಲೆ ಕಂದು ದುಂಬಿಗಳು ಹರಿದಾಡುತ್ತಿರುತ್ತವೆ, ಅಕ್ಕಿಯೊಳಗೆ ಕೈ ಹಾಕಿದರೆ ಬೆರಳಿಗೆ ಹಿಟ್ಟು ಅಂಟುತ್ತದೆ. ನಾವು ನುಸಿ ಎನ್ನುವುದನ್ನು ನೆರೆಯ ಮರಾಠಿ ಮನೆಯವರು ಸೋಂಡೆ ಎನ್ನುತ್ತಾರೆ, ಬೇಳೆಕಾಳಿನ ದುಂಬಿಗೆ ಭುಂಗಾ ಎನ್ನುತ್ತಾರೆ. ಹೆಸರು ಬೇರೆಯಾದರೂ ಎರಡೂ ಮನೆಗಳ ಸಂಕಟ ಒಂದೇ ಆಗಿದೆ.

ಈ ಹುಳುಗಳನ್ನು ಬೇವು, ಹರಳೆಣ್ಣೆ, ಬಜೆ, ಲವಂಗ ಮೊದಲಾದ ಸಸ್ಯಜನ್ಯ ಪದಾರ್ಥಗಳಿಂದ ತಡೆಯಬಹುದು. ಆದರೆ ಅವುಗಳನ್ನು ಬಳಸುವ ಹೊತ್ತನ್ನು ನಮ್ಮಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಹುಳು ಕಣ್ಣಿಗೆ ಬಿದ್ದ ಮೇಲೆ ಬೇವಿನ ಸೊಪ್ಪು ಹುಡುಕುವುದರಿಂದ ಪ್ರಯೋಜನ ಬಹಳ ಕಡಿಮೆ. ಮೊಟ್ಟೆ ಬೀಳುವುದಕ್ಕೆ ಮುಂಚೆ, ಕಾಳು ಚೆನ್ನಾಗಿ ಒಣಗಿರುವಾಗ, ಮಳೆ ಬರುವುದಕ್ಕೆ ಎರಡು ವಾರವಾದರೂ ಇರುವಾಗ ಈ ಕೆಲಸ ಮುಗಿದಿರಬೇಕು. ಏಕೆ ಹೀಗೆ ಎಂಬುದು ಹುಳುವಿನ ಬದುಕನ್ನು ನೋಡಿದರೆ ತಿಳಿಯುತ್ತದೆ.

ಅಕ್ಕಿ, ಗೋಧಿ, ಜೋಳಗಳನ್ನು ತಿನ್ನುವ ಮೂತಿಹುಳು ಮೂರು ನಾಲ್ಕು ಮಿಲಿಮೀಟರ್ ಉದ್ದದ ಕಪ್ಪುಗಂದು ಜೀವಿ. ಮುಂದೆ ಚಾಚಿದ ಮೂತಿಯೂ ರೆಕ್ಕೆಯ ಮೇಲಿನ ನಾಲ್ಕು ಮಸುಕು ಕೆಂಪು ಚುಕ್ಕೆಗಳೂ ಅದರ ಗುರುತು. ಹೆಣ್ಣುಹುಳು ಮೂತಿಯಿಂದ ಕಾಳನ್ನು ಕೊರೆದು, ಆ ತೂತಿನಲ್ಲಿ ಒಂದು ಮೊಟ್ಟೆಯಿಟ್ಟು, ಅಂಟಿನಂತಹ ಸ್ರಾವದಿಂದ ತೂತನ್ನು ಮುಚ್ಚಿಬಿಡುತ್ತದೆ. ಮರಿಯ ಬೆಳವಣಿಗೆಯೆಲ್ಲ ಕಾಳಿನ ಒಳಗೇ ನಡೆಯುತ್ತದೆ, ನಮ್ಮ ಮಳೆಗಾಲದ ಸೆಕೆಯಲ್ಲಿ ಸುಮಾರು ನಾಲ್ಕೈದು ವಾರಗಳಲ್ಲಿ ಪೂರ್ತಿ ಬೆಳೆದ ಹುಳು ಕಾಳನ್ನು ಒಡೆದು ಹೊರಬರುತ್ತದೆ. ಅಂಗಡಿಯಿಂದ ತಂದ ದಿನ ಅಚ್ಚುಕಟ್ಟಾಗಿ ಕಂಡ ಅಕ್ಕಿಯಲ್ಲಿ ತಿಂಗಳ ನಂತರ ಹುಳು ಹೇಗೆ ಬಂತು ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ: ಬಹಳ ಸಲ ಅದು ಕಾಳಿನೊಳಗೆ ಕುಳಿತೇ ಮನೆಗೆ ಬಂದಿರುತ್ತದೆ.

ಬೇಳೆಕಾಳಿನ ದುಂಬಿಯ ರೀತಿ ಬೇರೆ. ಒಂದು ಹೆಸರುಕಾಳನ್ನು ಅಂಗೈಯಲ್ಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಹಸಿರು ಸಿಪ್ಪೆಯ ಮೇಲೆ ಸುಣ್ಣದ ಹನಿಯಂತಹ ಬಿಳಿ ಚುಕ್ಕೆಯೊಂದು ಅಂಟಿಕೊಂಡಿದ್ದರೆ ಅದು ಮೊಟ್ಟೆ. ಆಗತಾನೇ ಇಟ್ಟ ಮೊಟ್ಟೆ ಪಾರದರ್ಶಕವಾಗಿದ್ದು ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಮರಿ ಒಡೆದು, ಮೊಟ್ಟೆಯ ತಳದಿಂದಲೇ ನೇರವಾಗಿ ಕಾಳನ್ನು ಕೊರೆದು ಒಳಹೋಗುವಾಗ ಪುಡಿಯನ್ನು ಹಿಂದಕ್ಕೆ ತಳ್ಳುವುದರಿಂದ ಖಾಲಿ ಚಿಪ್ಪು ತುಂಬಿ ಬೆಳ್ಳಗಾಗುತ್ತದೆ. ಎಂದರೆ ಬಿಳಿ ಚುಕ್ಕೆ ಕಂಡಾಗ ಮರಿ ಆಗಲೇ ಒಳಗೆ ಸೇರಿರುತ್ತದೆ. ಕೆಲವು ದಿನಗಳ ಬಳಿಕ ಅದೇ ಕಾಳಿನ ಸಿಪ್ಪೆಯಲ್ಲಿ ಗುಂಡುಸೂಜಿಯ ತಲೆಯಷ್ಟು ಅಗಲದ ಮಸುಕಾದ ದುಂಡು ಕಿಟಕಿ ಕಾಣುತ್ತದೆ, ಅದನ್ನು ತಳ್ಳಿಕೊಂಡು ದುಂಬಿ ಹೊರಬರುತ್ತದೆ. ಬೆಳೆದ ದುಂಬಿ ಕಾಳನ್ನು ತಿನ್ನುವುದೇ ಇಲ್ಲ. ಒಂದೆರಡು ವಾರ ಬದುಕಿ, ಮೊಟ್ಟೆಯಿಟ್ಟು ಸಾಯುತ್ತದೆ. ಹೀಗಿರುವಾಗ ನಮ್ಮ ಗುರಿ ಮೊಟ್ಟೆಯ ಮೇಲಿರಬೇಕು.

ಮೊದಲ ಕೆಲಸ ಒಣಗಿಸುವುದು, ಇದನ್ನು ಬಿಟ್ಟು ಮುಂದಿನ ಯಾವ ಉಪಾಯವೂ ನಿಲ್ಲುವುದಿಲ್ಲ. ಜೋಳ, ಗೋಧಿಗಳಲ್ಲಿ ತೇವಾಂಶ ಶೇಕಡಾ 12ಕ್ಕಿಂತಲೂ ಬೇಳೆಕಾಳುಗಳಲ್ಲಿ ಶೇಕಡಾ 10ಕ್ಕಿಂತಲೂ ಕಡಿಮೆಯಿರಬೇಕು. ಮನೆಯಲ್ಲಿ ಅಳೆಯುವ ಯಂತ್ರ ಇರುವುದಿಲ್ಲವಾದ್ದರಿಂದ ಹಲ್ಲಿನ ಪರೀಕ್ಷೆಯೇ ಸಾಕು: ಒಣಗಿದ ಕಾಳು ಕಟ್ಟೆಂದು ಸದ್ದು ಮಾಡಿ ಒಡೆಯಬೇಕು, ಹಲ್ಲಿನ ಕೆಳಗೆ ಚಪ್ಪಟೆಯಾಗಬಾರದು. ಇನ್ನೊಂದು ಪರೀಕ್ಷೆಯೂ ಇದೆ. ಒಣಗಿದ ಗಾಜಿನ ಬಾಟಲಿಯಲ್ಲಿ ಒಂದು ಹಿಡಿ ಕಾಳಿಗೆ ಎರಡು ಚಮಚ ಒಣ ಉಪ್ಪು ಸೇರಿಸಿ, ಮುಚ್ಚಳ ಹಾಕಿ ಒಂದು ನಿಮಿಷ ಅಲ್ಲಾಡಿಸಿ ಹತ್ತು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವಾಂಶ ಶೇಕಡಾ 15ಕ್ಕಿಂತ ಹೆಚ್ಚಿದೆಯೆಂದು ಅರ್ಥ, ಅಂತಹ ಕಾಳನ್ನು ತುಂಬಲೇಬಾರದು. ಅಂಟದಿದ್ದರೆ ಹಲ್ಲಿನ ಪರೀಕ್ಷೆಯನ್ನೂ ಮಾಡಿಯೇ ಮುಂದುವರಿಯಬೇಕು, ಏಕೆಂದರೆ ನಮಗೆ ಬೇಕಾದ ಒಣಗು ಇದಕ್ಕಿಂತ ಹೆಚ್ಚಿನದು.

ಮಾಳಿಗೆ ಇರುವವರು ಬಿಸಿಲನ್ನೇ ಔಷಧಿಯನ್ನಾಗಿ ಮಾಡಿಕೊಳ್ಳಬಹುದು. ಕಪ್ಪು ತಾಡಪತ್ರಿಯ ಮೇಲೆ ಎರಡು ಮೂರು ಸೆಂಟಿಮೀಟರಿಗಿಂತ ದಪ್ಪವಾಗದಂತೆ ಬೇಳೆಕಾಳನ್ನು ಹರಡಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚುಗಳ ಮೇಲೆ ಕಲ್ಲಿಟ್ಟರೆ ಮೇ ತಿಂಗಳ ನಡುಮಧ್ಯಾಹ್ನದಲ್ಲಿ ಒಳಗಿನ ಕಾವು ಹೊರಗಿನ ಗಾಳಿಗಿಂತ ಬಹಳಷ್ಟು ಏರುತ್ತದೆ. 57 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಒಂದು ತಾಸು ಇದ್ದರೆ ಅಲಸಂದೆ ಕಾಳಿನೊಳಗಿನ ದುಂಬಿಯ ಮೊಟ್ಟೆ, ಮರಿ, ಕೋಶ ಎಲ್ಲವೂ ಸಾಯುತ್ತವೆ. ನಾನು ಎರಡು ದಿನ, ದಿನಕ್ಕೆ ಮೂರು ತಾಸು ಹೀಗಿಡುತ್ತೇನೆ. ಅಕ್ಕಿಯನ್ನು ಮಾತ್ರ ಹೀಗೆ ಕಾಯಿಸಬಾರದು, ಕಾಳು ಬಿರುಕುಬಿಟ್ಟು ನುಚ್ಚಾಗುತ್ತದೆ. ಅದಕ್ಕೆ ಗಾಳಿಯಾಡುವ ನೆರಳೇ ಸರಿ. ಮುಂಬಯಿಯ ಫ್ಲಾಟುಗಳಲ್ಲಿ ಇರುವವರಿಗೆ ಮಾಳಿಗೆಯ ಭಾಗ್ಯ ಇರುವುದಿಲ್ಲ. ಅವರು ಒಂದೊಂದು ಕಿಲೋ ಪೊಟ್ಟಣ ಮಾಡಿ, ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ನಾಲ್ಕು ದಿನ ಇಡಬಹುದು. ಹೊರಗೆ ತೆಗೆದ ಪೊಟ್ಟಣವನ್ನು ಕೋಣೆಯ ಕಾವಿಗೆ ಬರುವವರೆಗೆ ತೆರೆಯಬಾರದು, ಇಲ್ಲವಾದರೆ ಗಾಳಿಯ ತೇವವೆಲ್ಲ ತಣ್ಣನೆಯ ಕಾಳಿನ ಮೇಲೆ ಹನಿಗಟ್ಟುತ್ತದೆ. ಬಿಸಿಲಿನಿಂದ ತಂದ ಕಾಳಿಗೂ ಇಂಥದೇ ಎಚ್ಚರಿಕೆ ಬೇಕು, ಪೂರ್ತಿ ಆರಿದ ಮೇಲೆಯೇ ಅದನ್ನು ಡಬ್ಬಿಗೆ ತುಂಬಬೇಕು.

ಇನ್ನು ಬೇವಿನ ವಿಚಾರ. ಬೇವು ಹುಳುವನ್ನು ತಟ್ಟನೆ ಕೊಲ್ಲುವ ವಿಷವಲ್ಲ. ಅದರ ಬೀಜದಲ್ಲಿರುವ ಅಜಾಡಿರಾಕ್ಟಿನ್ ಎಂಬ ಪದಾರ್ಥ ಕೀಟದ ಹಸಿವನ್ನು ಕೆಡಿಸುತ್ತದೆ, ಮೊಟ್ಟೆಯಿಡಲು ಹಿಂಜರಿಯುವಂತೆ ಮಾಡುತ್ತದೆ, ಮರಿ ಪೊರೆ ಕಳಚಲು ಬೇಕಾದ ಹಾರ್ಮೋನಿನ ಕೆಲಸಕ್ಕೆ ಅಡ್ಡಿಯಾಗುತ್ತದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿ ಎಸ್. ಪ್ರಧಾನ್ ಮತ್ತು ಅವರ ಸಂಗಡಿಗರು, ಬೇವಿನ ಬೀಜದ ದ್ರಾವಣ ಸಿಂಪಡಿಸಿದ ಬೆಳೆಯನ್ನು ಮಿಡತೆಗಳು ಮುಟ್ಟುವುದಿಲ್ಲವೆಂದು 1962ರಲ್ಲಿಯೇ ತೋರಿಸಿದ್ದರು. ಅಜಾಡಿರಾಕ್ಟಿನ್ ಅನ್ನು ಬೀಜದಿಂದ ಪ್ರತ್ಯೇಕಿಸಿದ್ದು 1968ರಲ್ಲಿ, ಇಂಗ್ಲೆಂಡಿನಲ್ಲಿ. ಈ ಪದಾರ್ಥ ಬಿಸಿಲಿನ ನೇರಳಾತೀತ ಕಿರಣಗಳಿಗೆ ಬೇಗ ಹಾಳಾಗುತ್ತದೆ. ಆದಕಾರಣ ಕಾಳನ್ನು ಬಿಸಿಲಿನಲ್ಲಿ ಒಣಗಿಸಬೇಕು, ಬೇವನ್ನು ನೆರಳಿನಲ್ಲಿಯೇ ಒಣಗಿಸಬೇಕು. ಇದು ಅದಲುಬದಲಾದ ಮನೆಗಳನ್ನು ನಾನು ಬಹಳ ಕಂಡಿದ್ದೇನೆ.

ಪುಣೆಗೆ ಬಂದ ಮೊದಲ ವರ್ಷ ನಾನು ಮಾಡಿದ ತಪ್ಪನ್ನೂ ಇಲ್ಲಿ ಹೇಳಬೇಕು. ಮೇ ತಿಂಗಳಲ್ಲಿ ರಸ್ತೆಬದಿಯ ಮರದಿಂದ ಹಸಿ ಬೇವಿನ ಗೊಂಚಲುಗಳನ್ನು ಮುರಿದು ತಂದು ಜೋಳದ ಚೀಲದ ನಡುವೆ ಹಾಗೆಯೇ ಹುದುಗಿಸಿಟ್ಟಿದ್ದೆ. ಆಷಾಢದಲ್ಲಿ ಚೀಲ ಬಿಚ್ಚಿದಾಗ ಸೊಪ್ಪಿದ್ದ ಕಡೆಯಲ್ಲೆಲ್ಲ ಜೋಳ ಗಂಟುಗಟ್ಟಿ, ಬೂಸುರು ಹಿಡಿದು, ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಹುಳು ಇರಲಿಲ್ಲ, ಆದರೆ ಎಂಟು ಕಿಲೋದಷ್ಟು ಜೋಳವನ್ನು ಚೆಲ್ಲಬೇಕಾಯಿತು. ಬೂಸುರು ಹಿಡಿದ ಧಾನ್ಯದಲ್ಲಿ ಯಕೃತ್ತಿಗೆ ಮಾರಕವಾದ ವಿಷಗಳು ಹುಟ್ಟಿಕೊಳ್ಳುವುದರಿಂದ ಅದನ್ನು ತೊಳೆದು ಬಳಸುವ ಹಾಗೂ ಇಲ್ಲ. ಊರಿನಿಂದ ತಂದ ಜೋಳವನ್ನು ಚೆಲ್ಲುವಾಗ ಆದ ಸಂಕಟವನ್ನು ನಾನು ಮರೆತಿಲ್ಲ.

ಎಲೆಯನ್ನು ಬಳಸುವ ಸರಿಯಾದ ಕ್ರಮ ಹೀಗಿದೆ. ಬಲಿತ, ರೋಗವಿಲ್ಲದ ಎಲೆಗಳನ್ನು ಬಿಡಿಸಿ, ತೊಳೆದು, ಬಟ್ಟೆಯ ಮೇಲೆ ಹರಡಿ, ಗಾಳಿಯಾಡುವ ನೆರಳಿನಲ್ಲಿ ಐದರಿಂದ ಏಳು ದಿನ ಒಣಗಿಸಿ. ಮುಷ್ಟಿಯಲ್ಲಿ ಹಿಸುಕಿದರೆ ಗರಿಗರಿಯಾಗಿ ಪುಡಿಯಾಗಬೇಕು, ಬಣ್ಣ ಮಾತ್ರ ಹಸಿರಾಗಿಯೇ ಉಳಿದಿರಬೇಕು. ಕಿಲೋ ಕಾಳಿಗೆ 20 ಗ್ರಾಮಿನಂತೆ ತೂಗಿ, ತೆಳ್ಳನೆಯ ಮಲ್ ಬಟ್ಟೆಯಲ್ಲಿ ಸಣ್ಣ ಗಂಟುಗಳಾಗಿ ಕಟ್ಟಿ, ಡಬ್ಬಿಯ ತಳದಲ್ಲಿ, ನಡುವೆ ಮತ್ತು ಮೇಲ್ಭಾಗದಲ್ಲಿ ಇರಿಸಬೇಕು. ಲಕ್ಕಿ ಗಿಡದ ಎಲೆಯನ್ನೂ ಹೀಗೆಯೇ ಬಳಸಬಹುದು. ಇದನ್ನು ಮರಾಠಿಯಲ್ಲಿ ನಿರ್ಗುಡಿ ಎನ್ನುತ್ತಾರೆ, ಪುಣೆಯ ಸುತ್ತಲಿನ ಹಳ್ಳಗಳ ದಡದಲ್ಲಿ ಸಿಗುತ್ತದೆ. ಆದರೆ ಎಲೆಯ ಶಕ್ತಿ ಸೀಮಿತವೆಂಬುದನ್ನು ತಿಳಿದಿರಬೇಕು. ಅಜಾಡಿರಾಕ್ಟಿನ್ ಹೆಚ್ಚಾಗಿ ಇರುವುದು ಬೀಜದಲ್ಲಿ. ಎಲೆಯ ಗಂಟು ಚೆನ್ನಾಗಿ ಒಣಗಿದ, ಬಿಗಿಯಾಗಿ ಮುಚ್ಚಿದ ಡಬ್ಬಿಗೆ ಹೆಚ್ಚುವರಿ ಕಾವಲಾಗಬಲ್ಲದು, ಅಷ್ಟೇ.

ಬೀಜ ಬೇಕೆಂದರೆ ಜೂನ್ ಮತ್ತು ಜುಲೈ ತಿಂಗಳಲ್ಲಿ ಮರದಡಿ ಉದುರುವ ಹಳದಿ ಹಣ್ಣುಗಳನ್ನು ಆಯ್ದುಕೊಳ್ಳಬೇಕು. ತಿರುಳನ್ನು ನೀರಿನಲ್ಲಿ ಉಜ್ಜಿ ತೆಗೆದು, ಬೀಜವನ್ನು ನೆರಳಿನಲ್ಲಿ ಒಣಗಿಸಿ, ಬಟ್ಟೆಯ ಚೀಲದಲ್ಲಿ ಇಡಬೇಕು. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟರೆ ಬೂಸುರು ಬರುತ್ತದೆ. ಈ ಮಳೆಗಾಲದಲ್ಲಿ ಆಯ್ದದ್ದು ಮುಂದಿನ ಬೇಸಿಗೆಯ ಕೆಲಸಕ್ಕೆ ಬರುತ್ತದೆ, ಒಂದು ವರ್ಷ ದಾಟಿದ ಬೀಜವನ್ನು ನಂಬಬಾರದು. ಹೊರಚಿಪ್ಪು ಒಡೆದು ಒಳಗಿನ ತಿರುಳನ್ನು ಕುಟ್ಟಿದ ಪುಡಿಯನ್ನು ಬಿತ್ತನೆಗೆಂದು ಇಟ್ಟ ಬೀಜಕ್ಕೆ ಕಿಲೋಗೆ 10ರಿಂದ 20 ಗ್ರಾಮಿನಂತೆ ಬೆರೆಸಬಹುದು. ತಿನ್ನುವ ಜೋಳಕ್ಕೆ ಇದನ್ನು ಬೆರೆಸಿದರೆ ಗಿರಣಿಯಿಂದ ಬಂದ ಹಿಟ್ಟು ಕಹಿಯಾಗಿ ರೊಟ್ಟಿ ಬಾಯಿಗಿಡಲು ಆಗುವುದಿಲ್ಲ.

ಬೇವಿನ ಬೀಜದ ಕಷಾಯಕ್ಕೆ ಇನ್ನೊಂದು ಉತ್ತಮ ಉಪಯೋಗವಿದೆ, ಅದನ್ನು ನಗರದ ಮನೆಗಳಲ್ಲಿ ಮಾಡುವವರು ಕಡಿಮೆ. 100 ಗ್ರಾಂ ತಿರುಳಿನ ಪುಡಿಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಯಿಟ್ಟು, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ. ಒಂದು ಗೋಣಿಚೀಲಕ್ಕೆ ಇಂತಹ ಕಷಾಯ ನಾಲ್ಕೈದು ಲೀಟರ್ ಬೇಕಾಗುತ್ತದೆ. ಖಾಲಿ ಚೀಲವನ್ನು ಒಳಹೊರಗು ಮಾಡಿ, ಜಾಡಿಸಿ, ಹೊಲಿಗೆಯ ಸಂದಿನಲ್ಲಿ ಅಡಗಿದ ಹಳೆಯ ಹುಳುಗಳನ್ನು ತೆಗೆದು, ಈ ಕಷಾಯದಲ್ಲಿ ಕಾಲು ತಾಸು ಮುಳುಗಿಸಿ, ನೆರಳಿನಲ್ಲಿ ಪೂರ್ತಿ ಒಣಗಿಸಿದ ಮೇಲೆ ಕಾಳು ತುಂಬಿ. ಉಳಿದ ಕಷಾಯವನ್ನು ಉಗ್ರಾಣದ ಹಲಗೆಗಳ ಸಂದಿಗೂ ಗೋಡೆಯ ಬಿರುಕಿಗೂ ಬಳಿಯಬಹುದು. ಇದನ್ನು ಅಂದೇ ಬಳಸಿ ಮುಗಿಸಬೇಕು, ಏಕೆಂದರೆ ನೀರಿಗೆ ಬಿದ್ದ ಅಜಾಡಿರಾಕ್ಟಿನ್ ಹೆಚ್ಚು ದಿನ ಉಳಿಯುವುದಿಲ್ಲ. ನೀರಿನ ಯಾವ ಕಷಾಯವನ್ನೂ ಕಾಳಿನ ಮೇಲೆ ನೇರವಾಗಿ ಸಿಂಪಡಿಸಬಾರದು.

ಇಡಿಯಾದ ಬೇಳೆಕಾಳುಗಳಿಗೆ ನನ್ನ ಅನುಭವದಲ್ಲಿ ಎಣ್ಣೆಗಿಂತ ಮಿಗಿಲಾದದ್ದಿಲ್ಲ. ಕಿಲೋ ಕಾಳಿಗೆ 5 ಮಿಲಿಲೀಟರ್, ಎಂದರೆ ಒಂದು ಚಹಾ ಚಮಚದಷ್ಟು ಹರಳೆಣ್ಣೆ ಅಥವಾ ಶೇಂಗಾ ಎಣ್ಣೆ ಸಾಕು. ಅಗಲವಾದ ಪರಾತದಲ್ಲಿ ಕಾಳು ಹಾಕಿ, ಎಣ್ಣೆಯನ್ನು ಎರಡೂ ಅಂಗೈಗೆ ಸವರಿಕೊಂಡು, ಪ್ರತಿ ಕಾಳಿಗೂ ಹೊಳಪು ಬರುವವರೆಗೆ ಹಗುರವಾಗಿ ಉಜ್ಜಬೇಕು. ಐದು ಕಿಲೋಗೆ ಹದಿನೈದು ನಿಮಿಷ ಹಿಡಿಯುತ್ತದೆ, ಅವಸರ ಮಾಡಿದರೆ ಕೆಲವು ಕಾಳು ಒಣದಾಗಿಯೇ ಉಳಿದು ಅವುಗಳ ಮೇಲೆ ಮೊಟ್ಟೆ ಬೀಳುತ್ತದೆ. ಎಣ್ಣೆಯ ತೆಳುಪದರ ಮೊಟ್ಟೆಯನ್ನು ಕಾಳಿಗೆ ಗಟ್ಟಿಯಾಗಿ ಅಂಟಲು ಬಿಡುವುದಿಲ್ಲ, ಅಂಟಿದರೂ ಮೊಟ್ಟೆಗೆ ಉಸಿರಾಡಲು ಗಾಳಿ ದೊರೆಯದಂತೆ ಮಾಡುತ್ತದೆ. ಮರಾಠಿ ಮನೆಗಳಲ್ಲಿ ಹಿರಿಯರು ಎರಂಡೇಲ್ ಹಚ್ಚಿದ ಗೋಧಿ, ತೊಗರಿ ಎಂದು ಹೇಳುವುದು ಇದನ್ನೇ. ಅಡುಗೆಗೆ ಮುಂಚೆ ಬೆಚ್ಚಗಿನ ನೀರಿನಲ್ಲಿ ಎರಡು ಸಲ ತೊಳೆಯಬೇಕು. ಎರಡು ಮೂರು ತಿಂಗಳಾದ ಮೇಲೆ ಎಣ್ಣೆಯ ಪದರ ಕ್ಷೀಣಿಸುವುದರಿಂದ ಮತ್ತೊಮ್ಮೆ ಪರೀಕ್ಷಿಸುವುದು ಒಳ್ಳೆಯದು. ಬೇವಿನ ಎಣ್ಣೆಯನ್ನು ಬಿತ್ತನೆ ಬೀಜಕ್ಕಷ್ಟೇ ಇಡಿ, ಅದರ ಶೀಶೆ ಮಕ್ಕಳ ಕೈಗೆ ಎಟುಕದಂತಿರಲಿ. ಅದನ್ನು ಕುಡಿಸಿದ ಎಳೆಮಕ್ಕಳು ತೀವ್ರ ಅಸ್ವಸ್ಥರಾದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಒಡೆದ ಬೇಳೆಯಲ್ಲಿ ಈ ದುಂಬಿ ಬೆಳೆಯುವುದು ಬಹಳ ಕಡಿಮೆ, ಹಾಗಾಗಿ ತೊಗರಿಯನ್ನು ಮಳೆಗೆ ಮುಂಚೆಯೇ ಬೇಳೆ ಮಾಡಿಸಿಡುವ ಹಳೆಯ ರೂಢಿ ತಿಳಿವಳಿಕೆಯದೇ ಆಗಿತ್ತು.

ಬಜೆ ಮತ್ತು ಸೀತಾಫಲದ ಬೀಜಗಳ ಬಗ್ಗೆ ಎಚ್ಚರಿಕೆಯ ಮಾತು ಬೇಕು. ಎರಡೂ ಬೇವಿಗಿಂತ ತೀಕ್ಷ್ಣ. ಒಣ ಬಜೆಬೇರಿನ ಪುಡಿಯನ್ನು ಕಿಲೋಗೆ 10 ಗ್ರಾಂ ಬೆರೆಸಿದರೆ ಬೀಜಕ್ಕೆ ಬೀಳುವ ಹುಳುಗಳ ಸಂತಾನಶಕ್ತಿಯೇ ಕುಗ್ಗುತ್ತದೆ. ನಮ್ಮಲ್ಲಿ ಕೂಸಿಗೆ ಬಜೆ ತೇಯ್ದು ನೆಕ್ಕಿಸುವ ಪದ್ಧತಿ ಇರುವುದರಿಂದ ಇದು ಪೂರ್ತಿ ನಿರಪಾಯಕಾರಿ ಎಂದು ಬಹಳ ಜನ ನಂಬಿದ್ದಾರೆ. ಆದರೆ ಬಜೆಯ ಎಣ್ಣೆಯಲ್ಲಿರುವ ಬೀಟಾ ಅಸರೋನ್ ಇಲಿಗಳಲ್ಲಿ ಗಡ್ಡೆ ಉಂಟುಮಾಡಿದ್ದು ಕಂಡುಬಂದಿದ್ದರಿಂದ ಅಮೆರಿಕ ದೇಶ 1968ರಲ್ಲಿಯೇ ಬಜೆಯನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿತು. ಸೀತಾಫಲವಂತೂ ಸಾಸವಡದ ಕಡೆಯಿಂದ ಪುಣೆಯ ಪೇಟೆಗೆ ಬುಟ್ಟಿಗಟ್ಟಲೆ ಬರುತ್ತದೆ, ತಿಂದ ಮೇಲೆ ಬೀಜ ಬಿಟ್ಟಿ ದೊರೆಯುತ್ತದೆ. ಅದರಲ್ಲಿರುವ ಅಸಿಟೋಜೆನಿನ್ ಎಂಬ ಪದಾರ್ಥಗಳು ಕೀಟದ ಜೀವಕೋಶಗಳ ಶಕ್ತಿಯ ಉತ್ಪಾದನೆಯನ್ನೇ ನಿಲ್ಲಿಸುತ್ತವೆ. ಮನುಷ್ಯರ ಕಣ್ಣಿಗೆ ಆ ಪುಡಿ ತಾಗಿದರೆ ಕಣ್ಣಿನ ಹೊರಪದರ ಸುಟ್ಟಂತಾಗಿ ದೃಷ್ಟಿಗೇ ಕುತ್ತು ಬರಬಹುದು. ಕುಟ್ಟುವುದಾದರೆ ಕನ್ನಡಕ, ಮುಖಗವಸು ಧರಿಸಿ, ಮಕ್ಕಳನ್ನು ದೂರವಿಟ್ಟು, ಅಡುಗೆಗೆ ಬಳಸದ ಒರಳಿನಲ್ಲಿ ಕುಟ್ಟಿ. ಈ ಎರಡರಲ್ಲಿ ಯಾವುದನ್ನು ಬೆರೆಸಿದರೂ ಚೀಲದ ಮೇಲೆ ‘ಬಿತ್ತನೆಗೆ ಮಾತ್ರ’ ಎಂದು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ದಪ್ಪಕ್ಷರದಲ್ಲಿ ಬರೆದಿಡಿ. ಮನೆಯಲ್ಲಿ ತಿನ್ನುವ ಕಾಳಿಗೆ ಇವು ಬೇಡವೇ ಬೇಡ.

ಲವಂಗ, ಮೆಣಸು, ದಾಲ್ಚಿನ್ನಿ ಎಲೆ, ಒಣಮೆಣಸಿನಕಾಯಿ ಇವು ಸಣ್ಣ ಡಬ್ಬಿಗಳಿಗೆ ಸರಿ. ಲವಂಗದ ಯೂಜೆನಾಲ್ ಆವಿಯಾಗಿ ಹರಡಿ ಹುಳುವನ್ನು ದೂರವಿಡುತ್ತದೆ. ಗೋವೆಯ ಪೋಂಡಾ ಕಡೆಯ ಮಸಾಲೆ ತೋಟಗಳಿಂದ ತಂದ ಹೊಸ ಲವಂಗಕ್ಕೂ ವರ್ಷಗಟ್ಟಲೆ ಅಂಗಡಿಯಲ್ಲಿ ಕುಳಿತ ಲವಂಗಕ್ಕೂ ಘಾಟಿನಲ್ಲಿ ಇರುವ ವ್ಯತ್ಯಾಸವನ್ನು ಮೂಗೇ ಹೇಳುತ್ತದೆ. ಉಗುರಿನಿಂದ ಒತ್ತಿದಾಗ ಎಣ್ಣೆ ಜಿನುಗದ ಲವಂಗ ಈ ಕೆಲಸಕ್ಕೆ ಬಾರದು. ಎರಡು ಕಿಲೋದ ಬಿಗಿಮುಚ್ಚಳದ ಡಬ್ಬಿಗೆ ಹತ್ತು ಹನ್ನೆರಡು ಲವಂಗ ಹಾಕಬಹುದು, ಐವತ್ತು ಕಿಲೋ ಚೀಲಕ್ಕೆ ಇದರಿಂದ ಏನೂ ಆಗದು. ರವೆ, ಮೈದಾ, ಹಿಟ್ಟುಗಳಿಗೆ ಯಾವ ಸೊಪ್ಪೂ ಬೇಡ: ರವೆಯನ್ನು ಬೆಚ್ಚಗೆ ಹುರಿದು ಆರಿಸಿಡಿ, ಹಿಟ್ಟನ್ನು ಸ್ವಲ್ಪ ಸ್ವಲ್ಪವೇ ಬೀಸಿಸಿ.

ಗಿಡಮೂಲಿಕೆಗಳ ಈ ಶ್ರಮಕ್ಕೆ ಬೇಸತ್ತು ಜನ ಹಿಡಿಯುವ ಅಡ್ಡದಾರಿಗಳು ನನ್ನನ್ನು ನಿಜವಾಗಿ ಕಳವಳಗೊಳಿಸುತ್ತವೆ. ಅಕ್ಕಿಗೆ ಬೋರಿಕ್ ಪುಡಿ ಬೆರೆಸುವುದು ಇಲ್ಲಿನ ಎಷ್ಟೋ ಮನೆಗಳಲ್ಲಿ ವಾಡಿಕೆಯಾಗಿಬಿಟ್ಟಿದೆ. ಅದು ತಿನ್ನುವ ಪದಾರ್ಥವಲ್ಲ, ಮಕ್ಕಳಿಗಂತೂ ವಿಷ. ಪಾದರಸ ಬೆರೆಸಿದ ಮಾತ್ರೆಗಳನ್ನು ಧಾನ್ಯದಲ್ಲಿ ಇಡುವುದೂ ಹೀಗೆಯೇ ತಪ್ಪು. ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆ. ಗಾಳಿಯ ತೇವ ತಾಗಿದ ಕೂಡಲೇ ಅದರಿಂದ ಫಾಸ್ಫೀನ್ ಅನಿಲ ಹೊರಡುತ್ತದೆ. ಮುಚ್ಚಿದ ಕೋಣೆಯಲ್ಲಿ ಮಲಗಿದವರು ಮತ್ತೆ ಏಳದೇ ಹೋದ ಘಟನೆಗಳು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬಂದಿವೆ. ಅದು ಸರ್ಕಾರಿ ಗೋದಾಮುಗಳಿಗೂ ಪರವಾನಗಿ ಪಡೆದ ಕೀಟ ನಿಯಂತ್ರಕರಿಗೂ ಮೀಸಲಾದ ವಸ್ತು. ಪರಿಚಯದ ಅಂಗಡಿಯವರು ಕೊಟ್ಟರೂ ಮನೆಯೊಳಗೆ ತರಬೇಡಿ.

ಇಷ್ಟು ಮಾಡಿದ ಮೇಲೂ ಹದಿನೈದು ದಿನಕ್ಕೊಮ್ಮೆ ನೋಡುವ ಕೆಲಸ ಇದ್ದೇ ಇದೆ. ಡಬ್ಬಿಯ ಮೇಲ್ಭಾಗವನ್ನು ಮಾತ್ರ ನೋಡದೆ, ಕೈಯನ್ನು ನಡುವಿನವರೆಗೆ ಇಳಿಸಿ; ಅಲ್ಲಿ ಕಾಳು ಬೆಚ್ಚಗೆ ತಾಗಿದರೆ ಹುಳುಗಳ ಉಸಿರಾಟದ ಕಾವು ಅದೆಂದು ತಿಳಿಯಿರಿ. ಒಂದು ಹಿಡಿ ತೆಗೆದು ಬಿಳಿ ಕಾಗದದ ಮೇಲೆ ಜರಡಿ ಹಿಡಿದಾಗ ಹಿಟ್ಟಿನಂತಹ ಪುಡಿ ಬಿದ್ದರೆ ಆ ಡಬ್ಬಿಯನ್ನು ಉಳಿದವುಗಳಿಂದ ಬೇರೆಯಿಡಿ. ಸಣ್ಣ ಪ್ರಮಾಣದಲ್ಲಿದ್ದರೆ ಮೊರದಲ್ಲಿ ಕೇರಿ, ಫ್ರೀಜರಿನ ಉಪಾಯ ಮಾಡಿ, ಮತ್ತೆ ಎಣ್ಣೆ ಸವರಿ ಬೇರೆ ಪಾತ್ರೆಗೆ ತುಂಬಿ, ಆದಷ್ಟು ಬೇಗ ಬಳಸಿ ಮುಗಿಸಿ. ಅರ್ಧಕ್ಕಿಂತ ಹೆಚ್ಚು ಕಾಳಿಗೆ ತೂತು ಬಿದ್ದಿದ್ದರೆ, ವಾಸನೆ ಕೆಟ್ಟಿದ್ದರೆ ಅದನ್ನು ಉಳಿಸಿಕೊಳ್ಳುವ ಆಸೆ ಬೇಡ. ಮುಂಬಯಿ ಮತ್ತು ಗೋವೆಯ ಮನೆಗಳಲ್ಲಿ ಕಡಲಗಾಳಿಯ ತೇವದಿಂದ ಬೇವಿನ ಗಂಟುಗಳು ಬೇಗ ಮೆತ್ತಗಾಗುತ್ತವೆ, ಅಲ್ಲಿನವರು ತಿಂಗಳಿಗೊಮ್ಮೆ ಅವನ್ನು ಬದಲಿಸಬೇಕು. ಪುಣೆಯಲ್ಲಿ ನಾಗರಪಂಚಮಿಗೊಮ್ಮೆ, ದಸರೆಯ ಮುಂಚೆ ಇನ್ನೊಮ್ಮೆ ಬದಲಿಸಿದರೆ ಸಾಕಾಗುತ್ತದೆ. ತೆಗೆದ ಹಳೆಯ ಎಲೆಯನ್ನು ಚೆಲ್ಲದೆ ತುಳಸಿಯ ಕುಂಡದ ಮಣ್ಣಿಗೆ ಬೆರೆಸಿಬಿಡಿ.